ನಾಲ್ಕು ಹೆಜ್ಜೆ ಸರಿದ ಬಾಂದುಕಲ್ಲು

ಆಗಸ್ಟ್ 6, 2009, ಗುರುವಾರ

ಮೊಮ್ಮಗಳು ಲುಬ್ನಾ ಈ ನೋಟ್‌ಬುಕ್ ತಂದುಕೊಟ್ಟಿದ್ದಾಳೆ. "ಅಜ್ಜೀ, ನಮ್ಮೂರು ಐನ್ ಲೋಝ್ ಬಗ್ಗೆ ನೆನಪಿರೋದನ್ನೆಲ್ಲ ಇದರಲ್ಲಿ ಬರಿ. ನಕ್ಷೆ ಮಾಡೋಕೆ ಬೇಕು" ಎಂದಳು. ನೂರು ಪುಟ ಇದೆ. 1948ರಲ್ಲಿ ಪ್ಯಾಲೆಸ್ತೀನಿನ ಆ ಊರು ಬಿಟ್ಟಾಗ ನನಗೆ ಒಂಬತ್ತು ವರ್ಷ. ನೂರು ಪುಟಕ್ಕಾಗುವಷ್ಟು ನೆನಪು ಎಲ್ಲಿಂದ ತರಲಿ? ಆದರೂ ಹೂಂ ಅಂದೆ. ಈ ನಿರಾಶ್ರಿತರ ಕ್ಯಾಂಪಿನಲ್ಲಿ ನನಗೆ ನೆನಪಿನ ಮುದುಕಿ ಎಂದು ಹೆಸರಿದೆ, ಹೆಸರು ಉಳಿಸಿಕೊಳ್ಳಬೇಕಲ್ಲ.

ಆ ಹೆಸರು ಬಂದದ್ದು ಪರದೇಶದವರಿಂದ. ಬೈರೂತಿನಿಂದ ಕಾರು ಮಾಡಿಕೊಂಡು, ಕ್ಯಾಮೆರಾ ಹೊತ್ತುಕೊಂಡು ಬರುತ್ತಾರೆ. ನನ್ನನ್ನು ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸುತ್ತಾರೆ. ನಾನು ಶುರು ಮಾಡುತ್ತೇನೆ: ಬಾವಿ, ಬಾದಾಮಿ ಹೂವು, ಅಮ್ಮನ ರೊಟ್ಟಿ ಒಲೆ. ರೊಟ್ಟಿ ಒಲೆ ಬಂದ ಕೂಡಲೇ ಅಳುತ್ತೇನೆ. ಮೊದಲೆಲ್ಲ ನಿಜವಾಗಿ ಅಳು ಬರುತ್ತಿತ್ತು, ಈಗ ಎಣ್ಣೆ ಬಿಟ್ಟ ಹೊಲಿಗೆ ಮೆಷಿನ್ನಿನ ಹಾಗೆ ಸಲೀಸಾಗಿ ಬರುತ್ತದೆ. ಕೊನೆಗೆ ಎಲ್ಲರೂ ಕೇಳುವುದು ಊರು ಬಿಡುವಾಗ ತಂದ ಮನೆಯ ಬೀಗದ ಕೈ. ನಮ್ಮ ಮನೆಗೆ ಬೀಗವೇ ಇರಲಿಲ್ಲ, ಬಾಗಿಲಿಗೆ ಹಗ್ಗ ಬಿಗಿಯುತ್ತಿದ್ದೆವು. ಹಗ್ಗದ ಫೋಟೋ ಯಾರಿಗೆ ಬೇಕು? ಅದಕ್ಕೇ ಬೀರುವಿನ ಹಳೇ ಕೀಲಿ ತೋರಿಸುತ್ತೇನೆ. ಮೂರು ದೇಶಗಳ ಪತ್ರಿಕೆಗಳಲ್ಲಿ ನಮ್ಮ ಬೀರುವಿನ ಕೀಲಿ ಬಂದಿದೆ.

ನಾನು ಹೀಗೆ ಆಟ ಕಟ್ಟಿದಾಗಲೆಲ್ಲ ಎದುರು ಮನೆಯ ಹೊಸ್ತಿಲಿನಿಂದ ಒಂದು ಕೆಮ್ಮು ಬರುತ್ತದೆ. ಅದು ಸಬ್ಹಾ. ನನ್ನ ಊರಿನವಳೇ, ನನಗಿಂತ ನಾಲ್ಕು ವರ್ಷ ದೊಡ್ಡವಳು. ಎರಡು ಮನೆಗಳ ನಡುವೆ ಮೂರು ಅಡಿ ಗಲ್ಲಿ. ಅರವತ್ತೊಂದು ವರ್ಷದಿಂದ ನಮಗೆ ಮಾತಿಲ್ಲ. ಅಂದರೆ ಒಬ್ಬರಿಗೊಬ್ಬರು ಮಾತಾಡಿಲ್ಲ, ಗಾಳಿಗೆ ಬೇಕಾದಷ್ಟು ಆಡಿದ್ದೇವೆ. ಇವತ್ತು ಬೆಳಿಗ್ಗೆ ನಾನು ಗಲ್ಲಿಗೆ ಬಕೆಟ್ ನೀರು ಚೆಲ್ಲಿದಾಗ ಅವಳು ತನ್ನ ಪುದೀನ ಬೆಳೆಸಿದ ಡಬ್ಬಕ್ಕೆ ಹೇಳಿದಳು:

"ಕೆಲವರಿಗೆ ಕಣ್ಣೀರು ಸುರಿಸಿ ಸಾಕಾಗಲ್ಲ, ಬಕೆಟ್ಟಲ್ಲೂ ತಂದು ಸುರೀತಾರೆ."

ನಾನು ಗೋಡೆಗೆ ಹೇಳಿದೆ:

"ಕೆಲವರ ಕೆಮ್ಮಿಗೆ ಯಾರೂ ಕ್ಯಾಮೆರಾ ತರಲ್ಲ, ಪಾಪ."

ಆಗಸ್ಟ್ 11, ಮಂಗಳವಾರ

ಇವತ್ತು ಊರಿನ ಸಂಘದ ಕೋಣೆಯಲ್ಲಿ ನಕ್ಷೆಯ ಸಭೆ. ಚಾಪೆಯಷ್ಟು ಅಗಲದ ಕಾಗದವನ್ನು ನೆಲದ ಮೇಲೆ ಹಾಸಿ ಲುಬ್ನಾ ಪೆನ್ಸಿಲ್ ಹಿಡಿದು ಕೂತಿದ್ದಳು. ಸುತ್ತ ನಾವು ಹನ್ನೊಂದು ಜನ ಹಲ್ಲಿಲ್ಲದವರು. ನಮ್ಮ ಹೊಲ ಇಲ್ಲಿಂದ ಇಲ್ಲಿಯ ತನಕ, ನಮ್ಮ ಆಲಿವ್ ತೋಟ ಅಲ್ಲಿಂದ ಅಲ್ಲಿಯ ತನಕ ಎಂದು ಒಬ್ಬೊಬ್ಬರೂ ಕೋಲು ಚಾಚಿದೆವು. ಮಧ್ಯಾಹ್ನದ ಹೊತ್ತಿಗೆ ಮೊಮ್ಮಗಳು ತಲೆ ಮೇಲೆ ಕೈ ಇಟ್ಟುಕೊಂಡಳು.

"ನೀವೆಲ್ಲ ಹೇಳಿದ ಜಮೀನು ಕೂಡಿಸಿದ್ರೆ ಐನ್ ಲೋಝ್ ಸಮುದ್ರದೊಳಗೆ ಇಪ್ಪತ್ತು ಕಿಲೋಮೀಟರ್ ಹೋಗುತ್ತೆ!"

ನಿವೃತ್ತ ಮೇಷ್ಟ್ರು ಅಬು ಆದಿಲ್ ಗಂಭೀರವಾಗಿ ಕನ್ನಡಕ ಸರಿಮಾಡಿಕೊಂಡರು. "ಆವಾಗ ಸಮುದ್ರ ಸ್ವಲ್ಪ ಹಿಂದಿತ್ತಮ್ಮ."

ಆಮೇಲೆ ಅಂಜೂರದ ಮರ ಬಂತು. ನಮ್ಮ ಹೊಲಕ್ಕೂ ಸಬ್ಹಾಳ ಅಪ್ಪನ ಹೊಲಕ್ಕೂ ನಡುವೆ ಇದ್ದ ಮರ. ಅದಕ್ಕಾಗಿ ನಮ್ಮ ಅಪ್ಪಂದಿರು ಜಗಳವಾಡಿದರು. ಅವರು ಸತ್ತ ಮೇಲೆ ಜಗಳ ನಮ್ಮ ಪಾಲಿಗೆ ಬಂತು. ಆಸ್ತಿಯಲ್ಲಿ ನಮಗೆ ಬಂದದ್ದು ಅದೊಂದೇ. ಗೆರೆಯ ಯಾವ ಕಡೆಗೆ ಮರ ಹಾಕಲಿ ಎಂದು ಲುಬ್ನಾ ಕೇಳಿದಳು.

"ನಮ್ಮ ಕಡೆ" ಎಂದೆ.

ಸಬ್ಹಾ ಕಿಟಕಿಗೆ ಹೇಳಿದಳು: "ಬಾಂದುಕಲ್ಲು ಎಲ್ಲಿತ್ತು ಅಂತ ಕೆಲವರಿಗೆ ಬಹಳ ಚೆನ್ನಾಗಿ ಗೊತ್ತು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ಅಂಗೈ ಎರಡನ್ನೂ ಲಂಗಕ್ಕೆ ಒರೆಸಿಕೊಂಡೆ. ಆಮೇಲೆ ಎಲ್ಲರಿಗಿಂತ ಜೋರಾಗಿ ಕೂಗಾಡಿದೆ. ಲುಬ್ನಾ ಮರದ ಪಕ್ಕ ಪ್ರಶ್ನೆಚಿಹ್ನೆ ಹಾಕಿ, "ಅಕ್ಟೋಬರ್ ಕೊನೆಗೆ ಅಚ್ಚಿಗೆ ಹೋಗುತ್ತೆ, ಅಷ್ಟರಲ್ಲಿ ತೀರ್ಮಾನ ಮಾಡ್ಕೊಳ್ಳಿ" ಎಂದು ಕಾಗದ ಸುತ್ತಿಟ್ಟಳು.

ಆಗಸ್ಟ್ 13, ಗುರುವಾರ

ಈ ಪುಟವನ್ನು ಲುಬ್ನಾಗೆ ತೋರಿಸುವಂತಿಲ್ಲ. ನೋಟ್‌ಬುಕ್ಕಿನ ಜಾಗ ಇನ್ನು ಮೇಲೆ ಹಿಟ್ಟಿನ ಡಬ್ಬದ ಹಿಂದೆ.

ಬಾಂದುಕಲ್ಲು ಸರಿಸಿದವಳು ನಾನು.

ನಾವು ಊರು ಬಿಟ್ಟ ಆ ವಾರ, ಶುಕ್ರವಾರದ ನಮಾಜು ಮುಗಿಸಿ ಊರ ಹಿರಿಯರು ಬಂದು ಕಲ್ಲು ನೋಡಿ ನ್ಯಾಯ ಹೇಳುವುದೆಂದು ಗೊತ್ತಾಗಿತ್ತು. ಬುಧವಾರ ಬೆಳಕು ಹರಿಯುವ ಮುಂಚೆ ಅಪ್ಪ ನನ್ನನ್ನು ಎಬ್ಬಿಸಿದ. "ನೀರಿಗೆ ಹೋಗೋ ಹುಡುಗೀನ ಯಾರೂ ಕೇಳಲ್ಲ. ನಾಲ್ಕೇ ಹೆಜ್ಜೆ, ಮಗಳೇ" ಎಂದ. ಕಲ್ಲು ಕುರಿಮರಿಯಷ್ಟಿತ್ತು. ಅಗೆದು, ತಳ್ಳಿ, ಉರುಳಿಸಿ, ಹಳೇ ಗುಂಡಿಗೆ ಎಲೆ ಮುಚ್ಚಿ ಬಂದೆ. ಅಂಗೈ ಸುಲಿದು ರಕ್ತ ಬಂತು. ಅಪ್ಪ ಒಂದು ಇಡೀ ಸರ ಒಣ ಅಂಜೂರ ಕೊಟ್ಟ. ಯಾವ ಮರದ ಹಣ್ಣೋ, ಕೇಳಲಿಲ್ಲ.

ಗುರುವಾರ ಫಿರಂಗಿಗಳ ಸದ್ದು ಕೇಳಿತು. ಮಧ್ಯಾಹ್ನಕ್ಕೆ ಊರು ಖಾಲಿ. ಹಿರಿಯರು ಶುಕ್ರವಾರ ಬರಲಿಲ್ಲ, ಐನ್ ಲೋಝ್‌ಗೆ ಆ ಶುಕ್ರವಾರವೇ ಬರಲಿಲ್ಲ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುತ್ತಾರೆ. ಫಿರಂಗಿ ತಂದ ನಮ್ಮ ಮೂರನೆಯವನು ಮರ, ಕಲ್ಲು, ಹೊಲ, ಊರು ಎಲ್ಲವನ್ನೂ ತೆಗೆದುಕೊಂಡ. ನಾನು ಕೈ ಸುಲಿದುಕೊಂಡು ಸರಿಸಿದ ಕಲ್ಲು ಯಾರ ಹೊಲದಿಂದ ಯಾರ ಹೊಲಕ್ಕೆ ಸರಿಯಿತೆಂದು ಅವನಿಗೆ ಗೊತ್ತೂ ಇಲ್ಲ.

ದಾರಿಯಲ್ಲಿ ತಮ್ಮ ಫಾಯಿಜ್‌ನನ್ನು ಎತ್ತಿಕೊಳ್ಳಲು ನನ್ನ ಕೈಯಲ್ಲಿ ಆಗಲಿಲ್ಲ. ಅವನಿಗೆ ಎರಡು ವರ್ಷ. ಅಮ್ಮನ ತಲೆಯ ಮೇಲೆ ಹಾಸಿಗೆ, ಸೊಂಟದಲ್ಲಿ ಹಸುಗೂಸು. ಸಬ್ಹಾ ಬಂದು ಫಾಯಿಜ್‌ನನ್ನು ಬೆನ್ನಿಗೆ ಹಾಕಿಕೊಂಡು ಗಡಿಯ ತನಕ ನಡೆದಳು. ನನ್ನ ಅಂಗೈ ಏನಾಯಿತೆಂದು ಕೇಳಲಿಲ್ಲ.

ಮೊದಮೊದಲು ಅಪ್ಪನ ಮರ್ಯಾದೆಗಾಗಿ ಬಾಯಿ ಮುಚ್ಚಿದ್ದೆ. ಅಪ್ಪ ಸತ್ತ ಮೇಲೆ ನನ್ನ ಮರ್ಯಾದೆಗಾಗಿ. ತಪ್ಪು ಮಾಡಿದವರಿಗೇ ಕೋಪ ಜಾಸ್ತಿ. ಅವಳ ಮುಖ ಕಂಡಾಗಲೆಲ್ಲ ಅವಳೇ ನನ್ನದೇನನ್ನೋ ಕದ್ದವಳ ಹಾಗೆ ನನಗೆ ಮೈಯೆಲ್ಲ ಉರಿಯುತ್ತದೆ.

ಆಗಸ್ಟ್ 29, ಶನಿವಾರ

ರಂಜಾನಿನ ಎಂಟನೇ ಉಪವಾಸ. ಸಬ್ಹಾ ನಿನ್ನೆ ಮೆಟ್ಟಿಲ ಮೇಲೆ ಕುಸಿದಳಂತೆ. ಆಸ್ಪತ್ರೆಗೆ ಸೇರಿಸಿದ್ದಾರೆ. ಗುಂಡಿಗೆ ಸೋತು ಒಳಗೆ ನೀರು ತುಂಬಿದೆ ಎಂದು ಅವಳ ಸೊಸೆ ನಿಅಮಾ ಹೇಳಿದಳು. ನನಗೇನು.

ಬೆಳಿಗ್ಗೆ ಗಲ್ಲಿಗೆ ಎರಡು ಬಕೆಟ್ ನೀರು ಚೆಲ್ಲಿದೆ. ಯಾರೂ ಏನೂ ಅನ್ನಲಿಲ್ಲ. ಬೇಜಾರೇನಿಲ್ಲ, ಅಭ್ಯಾಸ ತಪ್ಪಿದೆ ಅಷ್ಟೇ. ಅವಳ ಪುದೀನ ಬಾಡಿತ್ತು, ಉಳಿದ ನೀರು ಅದಕ್ಕೆ ಹೋಯಿತು. ಬೇಕೆಂದು ಹಾಕಿದ್ದಲ್ಲ.

ಸೆಪ್ಟೆಂಬರ್ 4, ಶುಕ್ರವಾರ

ಇವತ್ತು ಪರದೇಶದವರು ಬಂದಿದ್ದರು. ಬಾವಿ ಹೇಳಿದೆ, ಬಾದಾಮಿ ಹೂವು ಹೇಳಿದೆ, ರೊಟ್ಟಿ ಒಲೆಗೆ ಬಂದೆ. ಅಳು ಬರಲಿಲ್ಲ. ಎದುರು ಹೊಸ್ತಿಲು ನೋಡಿದೆ, ಖಾಲಿ. ಸುಳ್ಳು ಹೇಳುವಾಗ ಕೆಮ್ಮುವವರೊಬ್ಬರು ಇಲ್ಲದಿದ್ದರೆ ನಿಜ ಹೇಳುವುದಕ್ಕೂ ಮನಸ್ಸು ಬರುವುದಿಲ್ಲ ಎಂದು ಗೊತ್ತಿರಲಿಲ್ಲ. ತಲೆನೋವೆಂದು ಒಳಗೆ ಬಂದುಬಿಟ್ಟೆ. ಕೀಲಿ ತೋರಿಸುವುದು ಮರೆತೆ.

ಸೆಪ್ಟೆಂಬರ್ 11, ಶುಕ್ರವಾರ

ಕೆಮ್ಮು ವಾಪಸು ಬಂದಿದೆ. ದೇವರು ದೊಡ್ಡವನು; ನನ್ನ ಕಿವಿ ಇನ್ನೂ ಸರಿಯಾಗಿದೆಯೆಂದು ಖಾತ್ರಿಯಾಯಿತು.

ಆದರೆ ಡಾಕ್ಟರು ಕೈ ಬಿಟ್ಟಿದ್ದಾರಂತೆ. "ಮನೇಲೇ ಚೆನ್ನಾಗಿ ನೋಡ್ಕೊಳ್ಳಿ ಅಂದ್ರು, ಉಮ್ ರಸ್ಮಿ" ಎಂದು ನಿಅಮಾ ಗಲ್ಲಿಯಲ್ಲಿ ನಿಂತು ಮೂಗು ಒರೆಸಿಕೊಂಡಳು. ನಮ್ಮಲ್ಲಿ ಮಗನ ಹೆಸರು ಹಿಡಿದೇ ಕರೆಯುವುದು, ರಸ್ಮಿಯ ಅಮ್ಮ ಎಂದು. ಮಾತಿನ ಅರ್ಥ ಗೊತ್ತಾಗದಷ್ಟು ದಡ್ಡಿಯಲ್ಲ ನಾನು.

ರೊಟ್ಟಿ ಲಟ್ಟಿಸುತ್ತಾ ಲೆಕ್ಕ ಹಾಕಿದೆ. ಆ ಮರ ಕಲ್ಲಿನ ಯಾವ ಕಡೆಗಿತ್ತೆಂದು ಬಲ್ಲವರು ಈಗ ನಾವಿಬ್ಬರೇ. ಅವಳು ಹೋದರೆ ಮರ ನನ್ನದು, ನಕ್ಷೆಯಲ್ಲಿ ಅಚ್ಚಾಗುತ್ತದೆ, ಅಲ್ಲ ಎನ್ನಲು ಒಬ್ಬರೂ ಇರುವುದಿಲ್ಲ. ಗೆದ್ದೆ. ಗೆದ್ದೆ ಎಂದು ಯಾರ ಮನೆಗೆ ಹೋಗಿ ಹೇಳಲಿ?

ರೊಟ್ಟಿ ಸೀದುಹೋಯಿತು.

ಸೆಪ್ಟೆಂಬರ್ 20, ಭಾನುವಾರ, ಹಬ್ಬ

ಹಬ್ಬದ ದಿನ ವೈರಿಯ ಮನೆಗೂ ಹೋಗಬಹುದು, ಯಾರೂ ಸೋತರು ಎನ್ನುವುದಿಲ್ಲ. ಇಂಥ ಅರವತ್ತು ಹಬ್ಬಗಳನ್ನು ಕೈಯಾರೆ ಬಿಟ್ಟಿದ್ದೇನೆ. ಇವತ್ತು ಹೊಸ ಚಪ್ಪಲಿ ಹಾಕಿಕೊಂಡು, ಖರ್ಜೂರದ ಬಿಸ್ಕತ್ತಿನ ತಟ್ಟೆ ಹಿಡಿದು ಗಲ್ಲಿ ದಾಟಿದೆ. ಎರಡೂವರೆ ಹೆಜ್ಜೆ. ಹೆಜ್ಜೆ ಎಣಿಸುವ ಚಟ ನನಗೆ ಮೊದಲಿನಿಂದಲೂ ಇದೆ.

ಸಬ್ಹಾ ದಿಂಬುಗಳಿಗೆ ಒರಗಿ ಕೂತಿದ್ದಳು. ಇಷ್ಟು ಸಣ್ಣಗಾಗಿದ್ದಾಳೆಂದು ಗೊತ್ತಿರಲಿಲ್ಲ. ನಿಅಮಾ ಕಾಫಿ ತಂದಳು. ನಾನು ಕಪ್ಪನ್ನು ಕೈಗೆ ತೆಗೆದುಕೊಂಡು, ತುಟಿಗೆ ಮುಟ್ಟಿಸದೆ ಮುಂದೆ ನೆಲದ ಮೇಲಿಟ್ಟೆ. ಹೆಣ್ಣು ಕೇಳಲು, ಕೊಲೆಯ ರಾಜಿ ಮಾಡಿಸಲು ಹೋದ ಗಂಡಸರು ಮಾಡುವ ಕೆಲಸ ಇದು. ಮನೆಯವರು 'ಕಾಫಿ ಕುಡಿ' ಅನ್ನಬೇಕು, ಅಂದರೆ ಕೇಳಿದ್ದು ಕೊಟ್ಟಂತೆ. ಅಲ್ಲಿಯ ತನಕ ಗುಟುಕು ಮುಟ್ಟುವಂತಿಲ್ಲ. ಯಾವ ಹೆಂಗಸೂ ಹೀಗೆ ಮಾಡಿದ್ದನ್ನು ನಾನು ಕಂಡಿಲ್ಲ.

ಸಬ್ಹಾ ಕಪ್ಪು ನೋಡಿದಳು, ನನ್ನನ್ನು ನೋಡಿದಳು.

"ಏನೇ, ಮೀಸೆ ಬಂತಾ ನಿನಗೆ?"

ಅರವತ್ತೊಂದು ವರ್ಷದ ಮೇಲೆ ನನಗೇ ಎಂದು ಆಡಿದ ಮೊದಲ ಮಾತು ಇದು.

"ಒಂದು ಕೇಳ್ಕೊಳ್ಳೋದಿದೆ. ನೀನು ಆಗಲಿ ಅನ್ನೋ ತನಕ ಕುಡಿಯಲ್ಲ."

"ಕುಡೀಬೇಡ. ನನ್ನ ಗಂಟೇನು ಹೋಗುತ್ತೆ?"

"ಸಬ್ಹಾ, ಬಾಂದುಕಲ್ಲು ಸರಿಸಿದ್ದು ನಾನು."

"ಗೊತ್ತು."

"ಏನು ಗೊತ್ತು?"

"ಪಾರಿವಾಳಕ್ಕೆ ಕಾಳು ಹಾಕೋಕೆ ಮಾಳಿಗೆ ಹತ್ತಿದ್ದೆ. ಎಲ್ಲಾ ನೋಡ್ದೆ. ಅರ್ಧ ದಾರೀಲಿ ಕಲ್ಲು ತಬ್ಬಿಕೊಂಡು ಕೂತು ಅಳ್ತಿದ್ದೆ ನೀನು. ಆಮೇಲೆ ಎದ್ದು ಮತ್ತೆ ಉರುಳಿಸಿದೆ. ಆ ಕಲ್ಲಿಗೆ ನಿನಗಿಂತ ಮರ್ಯಾದೆ ಇತ್ತು, ಬರಲ್ಲ ಅಂತ ಹಟ ಮಾಡ್ತಿತ್ತು."

ನನ್ನ ಬಾಯಿ ಒಣಗಿತು. ಕಾಫಿ ಎದುರಿಗೇ ಇತ್ತು, ಕುಡಿಯುವಂತಿಲ್ಲ.

"ಮತ್ತೆ ಯಾಕೆ ಯಾರಿಗೂ ಹೇಳಲಿಲ್ಲ?"

"ಏನಂತ ಹೇಳ್ಲಿ? ಒಂಬತ್ತು ವರ್ಷದ ಮಗು ಕೈಯಲ್ಲಿ ಕಳ್ಳತನ ಮಾಡಿಸಿದ್ರು ಅಂತಾನಾ? ನಿಮ್ಮಪ್ಪ ಟೆಂಟಿನ ಮುಂದೆ ತಲೆ ಬಗ್ಗಿಸಿ ಕೂತಿರೋದು ನೋಡಿ ನಮ್ಮಪ್ಪಂಗೂ ಹೇಳಲಿಲ್ಲ. ನೀನೇ ಒಂದಿನ ಬಂದು ಹೇಳ್ತೀಯ ಅಂತ ಕಾದೆ." ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. "ಮೂರಡಿ ಗಲ್ಲಿ ಕಣೇ ತಮಾಮ್. ದಾಟೋಕೆ ಅರವತ್ತೊಂದು ವರ್ಷ ತಗೊಂಡ್ಯಲ್ಲೇ."

ನಾಚಿಕೆ ಎಂದರೆ ಏನೆಂದು ನನಗೆ ಎಪ್ಪತ್ತನೇ ವಯಸ್ಸಿಗೆ ಗೊತ್ತಾಯಿತು. "ಕ್ಷಮಿಸಿಬಿಡು" ಎಂದೆ.

"ಇವತ್ತಾಗಲ್ಲ" ಎಂದಳು. "ನಾಳೆ ಬಾ."

ಸೆಪ್ಟೆಂಬರ್ 21, ಸೋಮವಾರ

ಹೋದೆ. ಕಾಫಿ ಮುಂದಿಟ್ಟೆ. ಅವಳು ಅದರ ಕಡೆ ತಿರುಗಿಯೂ ನೋಡದೆ, ಆ ಅಂಜೂರ ಯಾವ ಬಣ್ಣದ್ದಿತ್ತು ಹೇಳು ಎಂದಳು. ಕಪ್ಪು ಎಂದೆ. ಹಸಿರು ಎಂದಳು. ಮಧ್ಯಾಹ್ನದ ಬಾಂಗಿನ ತನಕ ಜಗಳವಾಡಿದೆವು. "ಕದಿಯೋಕೆ ಹೋದವಳು ಹಣ್ಣಿನ ಬಣ್ಣ ಆದ್ರೂ ನೋಡ್ಕೊಂಡು ಬರಬಾರದಾ?" ಎಂದಳು. ಕೊನೆಗೆ ಕ್ಷಮೆ ಕೇಳುವುದೇ ಮರೆತುಹೋಗಿತ್ತು, ಹೊಸ್ತಿಲಲ್ಲಿ ನೆನಪಾಗಿ ಕೇಳಿದೆ.

"ನಾಳೆ ಬಾ."

ಮೊಣಕಾಲು ನೋವು. ಈ ವಯಸ್ಸಿನಲ್ಲಿ ದಿನಾ ಠಾಣೆಗೆ ಹೋಗಿ ಸಹಿ ಹಾಕುವ ಕಳ್ಳಿಯ ಪಾಡಾಯಿತು ನನ್ನದು.

ಸೆಪ್ಟೆಂಬರ್ 26, ಶನಿವಾರ

ಇವತ್ತೂ ಇಲ್ಲ. ಏನು ಹಟವೋ ಈ ಮುದುಕಿಗೆ. ನಾನು ಬೆಳಿಗ್ಗೆ ಏಳಕ್ಕೇ ಎದ್ದು ಉಪ್ಪಿಲ್ಲದ ಬೇಳೆ ಸಾರು ಮಾಡಿಕೊಂಡು ಹೋಗಿದ್ದೆ, ಡಾಕ್ಟರು ಉಪ್ಪು ಬೇಡ ಎಂದಿದ್ದಾರೆ. ಕುಡಿದು, "ಇದು ಸಾರಾ, ಸ್ನಾನದ ನೀರಾ?" ಎಂದಳು. ಪಾತ್ರೆ ಮಾತ್ರ ಖಾಲಿ ಮಾಡಿದಳು.

ಮಾತಿಗೆ ಮಾತು ಬಂದು ಅಪ್ಪನ ಸುದ್ದಿ ಬಂತು. ನಮ್ಮಲ್ಲಿ ಅವನ ಒಂದು ಫೋಟೋ ಕೂಡ ಇಲ್ಲ. ಕ್ಯಾಂಪಿನ ಅಪ್ಪ ನನಗೆ ಗೊತ್ತು, ರೇಶನ್ನಿನ ಸಾಲಿನಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದವನು. ಅದಕ್ಕಿಂತ ಹಿಂದಿನವನು ಅಳಿಸಿಹೋಗಿದ್ದಾನೆ.

"ನಿಮ್ಮಪ್ಪ ನಗುವಾಗ ಬಾಯಿಗೆ ಕೈ ಅಡ್ಡ ಇಡ್ತಿದ್ದ" ಎಂದಳು ಸಬ್ಹಾ. "ಮುಂದಿನ ಹಲ್ಲು ಒಂದು ಇರಲಿಲ್ಲ, ಹೇಸರಗತ್ತೆ ಒದ್ದಿತ್ತು. ಮದುವೆ ಮನೇಲಿ ನಗು ತಡಿಯೋಕಾಗದೆ ಎದ್ದು ಆಚೆಗೆ ಓಡೋನು."

ಅಪ್ಪ ನಗುತ್ತಿದ್ದ. ಈ ಸುದ್ದಿ ಮೂರಡಿ ದೂರದಲ್ಲಿ ಇಷ್ಟು ವರ್ಷ ಇತ್ತು. ನಾನು ಅತ್ತೆ, ಮೂಗು ಸೋರುವಂತೆ, ನಿಅಮಾಳ ಮುಂದೆ ನಾಚಿಕೆಗೇಡಾಗಿ ಅತ್ತೆ. ರೊಟ್ಟಿ ಒಲೆಯ ವಿಷಯ ಬಂದೇ ಇರಲಿಲ್ಲ.

ಸಬ್ಹಾ ಕೆಮ್ಮಲಿಲ್ಲ.

ಅಕ್ಟೋಬರ್ 3, ಶನಿವಾರ

ಹದಿನಾಲ್ಕನೇ ಕಪ್ಪು. ನಾಳೆ ಬಾ ಅಂತೆ.

ಅಕ್ಟೋಬರ್ 10, ಶನಿವಾರ

ಲುಬ್ನಾ ನಕ್ಷೆ ಹಿಡಿದು ಸಬ್ಹಾಳ ಹಾಸಿಗೆಯ ಹತ್ತಿರ ಬಂದಳು. ನಾನೂ ಅಲ್ಲೇ ಇದ್ದೆ, ಎಲ್ಲಿಗೆ ಹೋಗಲಿ. ಸಬ್ಹಾ ಬೆರಳಿಟ್ಟು ತೋರಿಸಿದಳು.

"ಬರಿ ಮಗಳೇ. ಕಲ್ಲು ಮೊದಲು ಇಲ್ಲಿತ್ತು, ಆಮೇಲೆ ಇಲ್ಲಿ. ನಡುವೆ ನಾಲ್ಕು ಚುಕ್ಕಿ ಹಾಕು. 'ತಮಾಮ್ ಕಲ್ಲು ಉರುಳಿಸಿದ ದಾರಿ' ಅಂತ ಬರಿ."

ಮೊಮ್ಮಗಳು ಪೆನ್ಸಿಲ್ ಎತ್ತಿ ನನ್ನ ಮುಖ ನೋಡಿದಳು. ಇವಳೇ ನನ್ನನ್ನು ಊರಿನ ನೆನಪು ಎಂದು ಸ್ಕೂಲಿನ ಮಕ್ಕಳಿಗೆ ತೋರಿಸಿದವಳು. ನೆಲ ಬಾಯಿಬಿಟ್ಟರೆ ಹೋಗಿಬಿಡುತ್ತಿದ್ದೆ. ನಮ್ಮ ನೆಲ ಬೇರೆಯವರ ಕೈಯಲ್ಲಿದೆ, ಅದೂ ಸಾಧ್ಯವಿಲ್ಲ.

"ಬರಿ" ಎಂದೆ. "ಮರ ಅವರ ಕಡೆಗೆ ಹಾಕು. ಎರಡನೇ ಚುಕ್ಕಿ ಹತ್ತಿರ 'ಇಲ್ಲಿ ಕೂತು ಅತ್ತಳು' ಅಂತಾನೂ ಬರಿ, ಪೂರ್ತಿ ಆಗಲಿ."

ಲುಬ್ನಾ ಬಗ್ಗಿ ನನ್ನ ಅಂಗೈಗೆ ಮುತ್ತಿಟ್ಟು ಚುಕ್ಕಿ ಹಾಕಿದಳು. ಈಗ ಐನ್ ಲೋಝ್‌ನ ನಕ್ಷೆಯಲ್ಲಿ ಬಾವಿ ಇದೆ, ಮಸೀದಿ ಇದೆ, ಶಾಲೆ ಇದೆ, ನನ್ನ ಕಳ್ಳತನ ಇದೆ. ಸಂಜೆ ಅಬು ಆದಿಲ್ ಮೇಷ್ಟ್ರು ನೋಡಿ, "ಇಡೀ ನಕ್ಷೆಯಲ್ಲಿ ನಂಬೋ ಹಾಗಿರೋದು ಇದೊಂದೇ" ಎಂದರಂತೆ.

ಇಷ್ಟಾದ ಮೇಲಾದರೂ ಕಾಫಿ ಕುಡಿ ಅನ್ನುತ್ತಾಳೆ ಅಂದುಕೊಂಡೆ. "ನಾಳೆ ಬಾ" ಎಂದಳು. ಮೈಯೆಲ್ಲ ಉರಿಯಿತು. ಬರುವಾಗ ಅವಳ ಪುದೀನಕ್ಕೆ ನೀರು ಹಾಕಿ, ಒಣಗಿದ ಎಲೆ ಕಿತ್ತು ಬಂದೆ.

ಅಕ್ಟೋಬರ್ 16, ಶುಕ್ರವಾರ

ಇವತ್ತು ಅವಳು ಹೆಚ್ಚು ಮಾತಾಡಲಿಲ್ಲ. ನಾನೇ ಆಡಿದೆ. ಹಣ್ಣು ಹಸಿರು ಎಂದು ಒಪ್ಪಿಕೊಂಡೆ. ತಲೆ ಅಲ್ಲಾಡಿಸಿ, "ಕಪ್ಪೇ ಇರಬಹುದು" ಎಂದಳು. ಇದು ನನಗೆ ಹಿಡಿಸಲಿಲ್ಲ.

ಅಕ್ಟೋಬರ್ 19, ಸೋಮವಾರ

ಮೂವತ್ತನೇ ದಿನ. ನಿಅಮಾ ಕಾಫಿ ಇಟ್ಟು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಸಬ್ಹಾಳ ಕಾಲು ಊದಿವೆ, ತುಟಿ ನೀಲಿಯಾಗಿದೆ. ನಾನು ಕಂಬಳಿಯೊಳಗೆ ಕೈ ಹಾಕಿ ಪಾದ ಒತ್ತುತ್ತಾ ಕೂತೆ. ಫಾಯಿಜ್‌ನನ್ನು ಹೊತ್ತು ಗಡಿಯ ತನಕ ನಡೆದ ಪಾದ ಇವೇ ಎಂದು ಹೊಳೆಯಿತು. ನನ್ನ ಕಾಫಿ ಆರಿ, ಮೇಲೆ ಕೆನೆಗಟ್ಟಿತು.

ಬಹಳ ಹೊತ್ತಾದ ಮೇಲೆ ಅವಳು ಕಣ್ಣು ಬಿಟ್ಟಳು.

"ತಮಾಮ್."

"ಏನೇ?"

"ಕಾಫಿ ಕುಡಿ."

ಒಂದು ತಿಂಗಳು ಈ ಮಾತಿಗಾಗಿ ಮೊಣಕಾಲು ಸವೆಸಿದ್ದೇನೆ. ಅರವತ್ತೊಂದು ವರ್ಷ ಎಂದರೂ ಸರಿಯೇ. ಕೈ ಕಪ್ಪಿನ ತನಕ ಹೋಯಿತು. ಕುಡಿದರೆ ಬಂದ ಕೆಲಸ ಮುಗಿಯಿತು, ನಾಳೆ ಬರಲು ನೆಪವಿಲ್ಲ. ಅವಳಿಗೂ ಕಾಯಲು ಇನ್ನೇನೂ ಉಳಿಯುವುದಿಲ್ಲ.

"ಬಹಳ ಬಿಸಿ ಇದೆ" ಎಂದೆ. "ಆರಲಿ. ನಾಳೆ ಬಂದು ಕುಡೀತೀನಿ."

ಅವಳು ಕೆನೆಗಟ್ಟಿದ ಕಪ್ಪನ್ನೇ ನೋಡಿದಳು. ಆಮೇಲೆ ನನ್ನನ್ನು.

"ಕಳ್ಳೀ" ಎಂದಳು.

"ಹೌದು" ಎಂದೆ.

ಮನೆಗೆ ಬಂದವಳು ಒಂದು ಬಕೆಟ್ ನೀರು ತುಂಬಿ ಗಲ್ಲಿಗೆ ಚೆಲ್ಲಿದೆ, ಬೇಕೆಂದೇ ಸದ್ದಾಗುವಂತೆ. ಖಾಲಿ ಬಕೆಟ್ ಹಿಡಿದು ನಿಂತುಕೊಂಡೆ. ಸುಮಾರು ಹೊತ್ತು ಏನೂ ಇಲ್ಲ. ಆಮೇಲೆ ಒಳಗಿನಿಂದ, ಸಣ್ಣಗೆ, ಕೆಮ್ಮು ಬಂತು.

ನಾಳೆ ಸ್ವಲ್ಪ ಬೇಗ ಹೋಗಬೇಕು.